ಹಳೆಯ ಕಂಟೆಸ್ಸಾಗೆ ಹೊಸ ಕಸುವು: ಕಡಿಮೆ ಖರ್ಚಿನಲ್ಲಿ ರೇಸಿಗಿಳಿಸುವುದು ಹೇಗೆ?

ಉದ್ದನೆಯ ಮೂಗು, ಅಗಲವಾದ ಬಾನೆಟ್, ನೆಲಕ್ಕೆ ಒತ್ತಿ ನಿಂತಂತೆ ಕಾಣುವ ಮೈಕಟ್ಟು. ರಾಯಚೂರು, ಬಳ್ಳಾರಿ, ಕಲಬುರ್ಗಿಯಂತಹ ನಗರಗಳ ಹಳೆಯ ಮನೆಗಳ ಕಾಂಪೌಂಡಿನಲ್ಲಿ ಧೂಳು ಹೊದ್ದು ನಿಂತ ಹಿಂದೂಸ್ತಾನ್ ಕಂಟೆಸ್ಸಾ ಇಂದಿಗೂ ಅಲ್ಲೊಂದು ಇಲ್ಲೊಂದು ಕಣ್ಣಿಗೆ ಬೀಳುವುದುಂಟು. ಒಂದು ಕಾಲದಲ್ಲಿ ಅಧಿಕಾರಿಗಳ, ಉದ್ಯಮಿಗಳ ಪ್ರತಿಷ್ಠೆಯ ವಾಹನವಾಗಿದ್ದ ಈ ಕಾರನ್ನು ಈಗಿನ ತಲೆಮಾರಿನ ವಾಹನಪ್ರಿಯರು 'ಭಾರತದ ಮಸಲ್ ಕಾರು' ಎಂದು ಕರೆಯತೊಡಗಿದ್ದಾರೆ. ಅದನ್ನು ಕೊಂಡು, ಎಂಜಿನ್ನಿಗೆ ಜೀವ ತುಂಬಿ, ರೇಸಿಗಿಳಿಸಬೇಕೆಂಬ ಹಂಬಲವೂ ಅವರಲ್ಲಿ ಹೆಚ್ಚುತ್ತಿದೆ. ಈ ಹಂಬಲಕ್ಕೆ ತಗಲುವ ಖರ್ಚೆಷ್ಟು ಎನ್ನುವುದಕ್ಕಿಂತ, ಕೈಯಲ್ಲಿರುವ ಹಣವನ್ನು ಮೊದಲು ಯಾವುದಕ್ಕೆ ಸುರಿಯಬೇಕು ಎನ್ನುವುದೇ ಮುಖ್ಯ ಪ್ರಶ್ನೆ. ಹೆಚ್ಚಿನವರು ಎಡವುವುದೂ ಅಲ್ಲಿಯೇ.

ಮಸಲ್ ಕಾರು ಎಂಬ ಕಲ್ಪನೆ ಹುಟ್ಟಿದ್ದು ಅಮೆರಿಕದಲ್ಲಿ. ಮಧ್ಯಮ ಗಾತ್ರದ, ಸಾಧಾರಣ ಬೆಲೆಯ ಕಾರಿಗೆ ದೊಡ್ಡ ಕಾರಿನ ಎಂಟು ಸಿಲಿಂಡರಿನ ಎಂಜಿನ್ ಕೂರಿಸುವುದೇ ಅದರ ಸೂತ್ರ. ಜನರಲ್ ಮೋಟಾರ್ಸ್ ಸಂಸ್ಥೆಯ ಪಾಂಟಿಯಾಕ್ ವಿಭಾಗ 1964ರಲ್ಲಿ ಹೊರತಂದ ಜಿಟಿಒ ಕಾರನ್ನು ಈ ವಂಶದ ಮೂಲಪುರುಷ ಎನ್ನಲಾಗುತ್ತದೆ. ಅದರಲ್ಲಿದ್ದುದು ಸುಮಾರು 6.4 ಲೀಟರಿನ ಎಂಜಿನ್. 1973ರ ತೈಲ ಬಿಕ್ಕಟ್ಟು, ಏರಿದ ವಿಮಾ ಕಂತು, ಬಿಗಿಯಾದ ಮಾಲಿನ್ಯ ನಿಯಮಗಳು ಸೇರಿ ಆ ಯುಗಕ್ಕೆ ತೆರೆ ಎಳೆದವು. ಅಷ್ಟು ದೊಡ್ಡ ಎಂಜಿನ್ನಿನ ಕಾರನ್ನು ಭಾರತದ ಯಾವ ಕಾರ್ಖಾನೆಯೂ ಆಗ ಜನಸಾಮಾನ್ಯರಿಗಾಗಿ ತಯಾರಿಸಲಿಲ್ಲ. ಲೈಸೆನ್ಸ್ ರಾಜ್ಯದ ಆ ದಿನಗಳಲ್ಲಿ ಅಂಬಾಸಿಡರ್, ಫಿಯೆಟ್, ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರುಗಳೇ ರಸ್ತೆಯ ರಾಜರು. ಚೆನ್ನೈ ಸಮೀಪದ ಶೋಳಾವರಂ ವಿಮಾನಪಟ್ಟಿಯಲ್ಲಿ ನಡೆಯುತ್ತಿದ್ದ ರೇಸುಗಳಲ್ಲೂ ಇವೇ ಓಡುತ್ತಿದ್ದವು. ಅಲ್ಲಿಯೇ 1980ರ ದಶಕದ ಆರಂಭದಲ್ಲಿ ವಿಜಯ್ ಮಲ್ಯ ಎನ್‌ಸೈನ್ ಫಾರ್ಮುಲಾ ಒನ್ ಕಾರನ್ನು ಓಡಿಸಿದ್ದೂ ಉಂಟು. ಅದು ಬೇರೆಯೇ ಲೋಕದ ಮಾತು.

ಮೈಕಟ್ಟು ಒಂದು, ಎಂಜಿನ್ ಇನ್ನೊಂದು

ಹಿಂದೂಸ್ತಾನ್ ಮೋಟಾರ್ಸ್ ಪಶ್ಚಿಮ ಬಂಗಾಳದ ಉತ್ತರಪಾಡಾ ಕಾರ್ಖಾನೆಯಿಂದ 1984ರಲ್ಲಿ ಕಂಟೆಸ್ಸಾವನ್ನು ಮಾರುಕಟ್ಟೆಗೆ ತಂದಿತು. ಇದರ ದೇಹ ಬ್ರಿಟನ್ನಿನ ವಾಕ್ಸ್‌ಹಾಲ್ ಸಂಸ್ಥೆಯ ವಿಎಕ್ಸ್ ಕಾರಿನದು. ಅಲ್ಲಿ ತಯಾರಿಕೆ ನಿಂತ ಬಳಿಕ ಅಚ್ಚು, ಯಂತ್ರಗಳನ್ನು ಭಾರತಕ್ಕೆ ತರಲಾಯಿತು. ವಾಕ್ಸ್‌ಹಾಲ್ ಆಗ ಜನರಲ್ ಮೋಟಾರ್ಸ್‌ನದೇ ಅಂಗಸಂಸ್ಥೆ. ಹೀಗಾಗಿ ಪಾಂಟಿಯಾಕ್ ಜಿಟಿಒಗೂ ಕಂಟೆಸ್ಸಾಗೂ ದೂರದ ದಾಯಾದಿ ಸಂಬಂಧವಿದೆ ಎಂದರೆ ತಪ್ಪಾಗಲಾರದು.

ಸಂಬಂಧ ಮೈಕಟ್ಟಿಗಷ್ಟೇ ಸೀಮಿತ. ಆರಂಭದ ಕಂಟೆಸ್ಸಾಗೆ ಕೂರಿಸಿದ್ದು ಅಂಬಾಸಿಡರ್‌ನ 1489 ಸಿಸಿ ಬಿಎಂಸಿ ಎಂಜಿನ್. ಶಕ್ತಿ ಸುಮಾರು 50 ಅಶ್ವಶಕ್ತಿ. ಸುಮಾರು 1200 ಕೆ.ಜಿ. ತೂಗುವ ದೇಹವನ್ನು ಎಳೆಯಲು ಅದು ಏದುಸಿರು ಬಿಡುತ್ತಿತ್ತು. 1980ರ ದಶಕದ ಕೊನೆಯ ಭಾಗದಲ್ಲಿ ಜಪಾನಿನ ಇಸುಜು ಮೂಲದ 1817 ಸಿಸಿ ಪೆಟ್ರೋಲ್ ಎಂಜಿನ್ ಹಾಗೂ ಐದು ಗೇರುಗಳ ಪೆಟ್ಟಿಗೆ ಬಂದ ಮೇಲಷ್ಟೇ ಕಂಟೆಸ್ಸಾ ಕ್ಲಾಸಿಕ್ ನಿಜವಾಗಿ ಓಡಲು ಕಲಿಯಿತು. ಅದರ ಶಕ್ತಿ ಸುಮಾರು 88 ಅಶ್ವಶಕ್ತಿ. 2002ರಲ್ಲಿ ತಯಾರಿಕೆ ನಿಂತಿತು.

ಇಲ್ಲಿ ಸಣ್ಣದೊಂದು ಲೆಕ್ಕ ಮಾಡಿದರೆ ಬಹಳಷ್ಟು ಭ್ರಮೆ ಹರಿಯುತ್ತದೆ. ಕಾರಿನ ಚುರುಕನ್ನು ಅಳೆಯುವುದು ಬರಿಯ ಅಶ್ವಶಕ್ತಿಯಿಂದಲ್ಲ, ಪ್ರತಿ ಟನ್ ತೂಕಕ್ಕೆ ಎಷ್ಟು ಅಶ್ವಶಕ್ತಿ ಎಂಬುದರಿಂದ. ಬಿಎಂಸಿ ಎಂಜಿನ್ನಿನ ಕಂಟೆಸ್ಸಾದಲ್ಲಿ ಅದು ಸುಮಾರು 42, ಇಸುಜು ಎಂಜಿನ್ನಿನದರಲ್ಲಿ ಸುಮಾರು 73. ಇದೇ ಹೊತ್ತಿನಲ್ಲಿ ಬೆಂಗಳೂರಿನಲ್ಲಿ ಸಿಪಾನಿ ಸಂಸ್ಥೆ ಡಾಲ್ಫಿನ್ ಎಂಬ ಪುಟ್ಟ ಕಾರನ್ನು ತಯಾರಿಸುತ್ತಿತ್ತು. ಬ್ರಿಟನ್ನಿನ ರಿಲಯಂಟ್ ಕಿಟನ್ ಕಾರಿನ ಮಾದರಿಯ ಅದರ ದೇಹ ಫೈಬರ್ ಗ್ಲಾಸಿನದು, ಎಂಜಿನ್ 848 ಸಿಸಿ ಅಲ್ಯೂಮಿನಿಯಂನದು, ಶಕ್ತಿ 40 ಅಶ್ವಶಕ್ತಿಯ ಆಸುಪಾಸು, ತೂಕ ಕಂಟೆಸ್ಸಾದ ಅರ್ಧಕ್ಕೂ ಕಡಿಮೆ. ಲೆಕ್ಕ ಹಾಕಿದರೆ ಪ್ರತಿ ಟನ್ನಿಗೆ 75ರಷ್ಟು! ಎರಡರಷ್ಟು ಗಾತ್ರದ ಎಂಜಿನ್ ಹೊತ್ತ ಕಂಟೆಸ್ಸಾ ಕ್ಲಾಸಿಕ್‌ಗೆ ಸರಿಸಮ. 1980ರ ದಶಕದ ರ‍್ಯಾಲಿ ಮತ್ತು ರೇಸುಗಳಲ್ಲಿ ಡಾಲ್ಫಿನ್ ಹೆಸರು ಮಾಡಿದ್ದು ಸುಮ್ಮನೆ ಅಲ್ಲ. ಮನೆಮಂದಿ ಕೊಳ್ಳುವ ಕಾರಾಗಿ ಅದು ಮಾರುತಿ 800ರ ಮುಂದೆ ನಿಲ್ಲಲಿಲ್ಲ, ಆ ಕಥೆ ಬೇರೆ.

ಆದ್ದರಿಂದ ಕಂಟೆಸ್ಸಾಗೆ ಕಸುವು ತುಂಬಹೊರಟವರು ಹಣ ಖರ್ಚಾಗದ ಕೆಲಸದಿಂದಲೇ ಆರಂಭಿಸುವುದು ಲೇಸು. ಹಿಂದಿನ ಸೀಟು, ನೆಲಹಾಸು, ಕೆಲಸ ಮಾಡದ ಎ.ಸಿ.ಯ ಭಾರದ ಕಂಪ್ರೆಸರ್, ಉಕ್ಕಿನ ಬಂಪರ್ ಕಳಚಿ ನೂರು ಕೆ.ಜಿ. ಇಳಿಸಿದರೆ, ಎಂಜಿನ್ನಿಗೆ ಕೈ ಹಚ್ಚದೆಯೇ ಎಂಟು ಅಶ್ವಶಕ್ತಿ ಹೆಚ್ಚಿಸಿದಷ್ಟು ಲಾಭ. ಕಳಚಿದ್ದನ್ನು ಗುಜರಿಗೆ ಹಾಕದೆ ಜೋಪಾನವಾಗಿ ಎತ್ತಿಡಬೇಕು. ಅದರ ಕಾರಣ ಮುಂದೆ ಬರುತ್ತದೆ.

ನಿಲ್ಲುವುದು ಮೊದಲು, ಓಡುವುದು ಆಮೇಲೆ

ಹಳೆಯ ಕಾರು ಕೊಂಡವರು ಮೊದಲು ಕೈ ಹಾಕುವುದು ಎಂಜಿನ್ನಿಗೆ, ಸೈಲೆನ್ಸರಿಗೆ, ಬಣ್ಣಕ್ಕೆ. ಹಣ ಮುಗಿದ ಮೇಲೆ ನೆನಪಾಗುವುದು ಬ್ರೇಕು. ಈ ಕ್ರಮ ತಲೆಕೆಳಗಾದದ್ದು ಮಾತ್ರವಲ್ಲ, ಪ್ರಾಣಕ್ಕೇ ಎರವಾಗಬಲ್ಲದ್ದು. ಗಂಟೆಗೆ 80 ಕಿ.ಮೀ. ವೇಗದಲ್ಲಿ ಬ್ರೇಕು ನುಂಗಬೇಕಾದ ಶಕ್ತಿಯ ಎರಡೂಕಾಲು ಪಟ್ಟನ್ನು 120 ಕಿ.ಮೀ. ವೇಗದಲ್ಲಿ ನುಂಗಬೇಕಾಗುತ್ತದೆ. ವೇಗ ಒಂದೂವರೆ ಪಟ್ಟಾದರೂ ಶಕ್ತಿ ಏರುವುದು ವೇಗದ ವರ್ಗಕ್ಕೆ ಅನುಗುಣವಾಗಿ. ನಲವತ್ತು ವರ್ಷದ ಹಿಂದಿನ ವಿನ್ಯಾಸದ ಬ್ರೇಕಿಗೆ ಅದು ಸುಲಭದ ತುತ್ತಲ್ಲ.

ಅಗ್ಗದ, ಆದರೆ ಬಹುಪಾಲು ಮಂದಿ ಉಪೇಕ್ಷಿಸುವ ಕೆಲಸವೆಂದರೆ ಬ್ರೇಕ್ ಆಯಿಲ್ ಬದಲಿಸುವುದು. ಈ ದ್ರವ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 3 ದರ್ಜೆಯ ಹೊಸ ದ್ರವ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ; ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯಬಹುದು. ಡಾಟ್ 4ರಲ್ಲಿ ಇದು ಕ್ರಮವಾಗಿ 230 ಮತ್ತು 155. ದ್ರವ ಕುದಿದರೆ ಆವಿಯ ಗುಳ್ಳೆಗಳು ಏಳುತ್ತವೆ, ಆವಿಯನ್ನು ಒತ್ತಬಹುದಾದ್ದರಿಂದ ಪೆಡಲ್ ನೆಲ ಮುಟ್ಟಿದರೂ ಕಾರು ನಿಲ್ಲುವುದಿಲ್ಲ. ಇದರೊಂದಿಗೆ ರಬ್ಬರ್ ಹೋಸ್, ವೀಲ್ ಸಿಲಿಂಡರಿನ ವಾಷರ್‌ಗಳು, ಹೊಸ ಲೈನಿಂಗ್ ಹಾಕಿಸಿದರೆ ಮೊದಲ ಹಂತ ಮುಗಿದಂತೆ. ಟೈರಿನ ವಿಷಯದಲ್ಲಿ ಗುಂಡಿಯ ಆಳ ನೋಡಿದರಷ್ಟೇ ಸಾಲದು. ಪಕ್ಕದಲ್ಲಿ ಅಚ್ಚೊತ್ತಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ತಯಾರಾದ ವಾರವನ್ನು, ಕೊನೆಯೆರಡು ವರ್ಷವನ್ನು ತಿಳಿಸುತ್ತವೆ. ಶೆಡ್ಡಿನಲ್ಲಿ ಹತ್ತು ವರ್ಷ ನಿಂತ ಟೈರು ಹೊಳೆಯುತ್ತಿದ್ದರೂ ಅದರ ರಬ್ಬರು ಸತ್ತಿರುತ್ತದೆ.

ತುಕ್ಕಿನ ಬಗ್ಗೆ ಒಂದು ಮಾತು. ಬಾಗಿಲ ಕೆಳಗಿನ ಪಟ್ಟಿ, ಮುಂಭಾಗದ ಸಸ್ಪೆನ್ಷನ್ ಕೂರುವ ಜಾಗ, ಬ್ಯಾಟರಿಯ ತಟ್ಟೆ ಇವನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡದೆ ಕಂಟೆಸ್ಸಾ ಕೊಳ್ಳಬಾರದು. ಮೇಲೆ ಪಟ್ಟಿ ಬಳಿದು ಮುಚ್ಚಿದ ತೂತುಗಳು ಟಿಂಕರಿಂಗ್ ಖರ್ಚಿನಲ್ಲಿ ಕಾರಿನ ಬೆಲೆಯನ್ನೇ ಮೀರಿಸಬಲ್ಲವು. ಈ ವಿಷಯದಲ್ಲಿ ಒಣಹವೆಯ ರಾಯಚೂರು, ಮಾನ್ವಿ, ದೇವದುರ್ಗ ಕಡೆಯ ಕಾರುಗಳು ಕರಾವಳಿಯ ಕಾರುಗಳಿಗಿಂತ ಮೇಲು.

ರಾಯಚೂರಿನ ಬಿಸಿಲಿನ ಲೆಕ್ಕ

ತುಕ್ಕಿನಲ್ಲಿ ಉಳಿಸಿದ ಹಣವನ್ನು ಬಿಸಿಲು ವಸೂಲಿ ಮಾಡದೆ ಬಿಡುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ರಾಯಚೂರು ಸೀಮೆಯಲ್ಲಿ ಎಂಜಿನ್ನಿನ ಶಕ್ತಿ ಹೆಚ್ಚಿಸುವುದೆಂದರೆ ಮೊದಲು ಅದರ ಶಾಖವನ್ನು ಹೊರಹಾಕುವ ದಾರಿ ಹುಡುಕುವುದು. ಕಲ್ಲೂರಿನಿಂದ ಸಿಂಧನೂರಿನವರೆಗೆ ಹಳ್ಳಿಹಳ್ಳಿಯ ಬೋರ್‌ವೆಲ್ಲಿನ ಗಡಸು ನೀರು ರೇಡಿಯೇಟರಿನ ಕೊಳವೆಗಳಲ್ಲಿ ಸುಣ್ಣದಂತೆ ಕಟ್ಟಿಕೊಳ್ಳುತ್ತದೆ. ಹೊಸ ಕೋರ್ ಹಾಕಿಸಿ, ಶುದ್ಧೀಕರಿಸಿದ ನೀರಿಗೆ ಕೂಲಂಟ್ ಬೆರೆಸಿ ತುಂಬಿಸಬೇಕು. ರೇಡಿಯೇಟರಿನ ಮುಚ್ಚಳವನ್ನು ಕ್ಷುಲ್ಲಕವೆಂದು ಭಾವಿಸುವವರಿದ್ದಾರೆ. ಅದು ಹಿಡಿದಿಡುವ ಪ್ರತಿ ಒಂದು ಪೌಂಡ್ ಒತ್ತಡಕ್ಕೆ ನೀರಿನ ಕುದಿಬಿಂದು ಸುಮಾರು ಒಂದೂವರೆ ಡಿಗ್ರಿ ಏರುತ್ತದೆ. ಸ್ಪ್ರಿಂಗ್ ಸೋತ ಮುಚ್ಚಳ ಈ ರಕ್ಷಣೆಯನ್ನೇ ಕಿತ್ತುಕೊಳ್ಳುತ್ತದೆ. ಬೇಸಿಗೆಯಲ್ಲಿ ಥರ್ಮೋಸ್ಟಾಟ್ ಕಿತ್ತುಹಾಕುವ ರೂಢಿಯೂ ಹಲವೆಡೆ ಇದೆ. ಹಾಗೆ ಮಾಡಿದರೆ ಎಂಜಿನ್ ತಣ್ಣಗಿರುವಾಗ ಬಹಳ ಹೊತ್ತು ಸವೆಯುತ್ತದೆಯೇ ಹೊರತು, ಕಟ್ಟಿಕೊಂಡ ರೇಡಿಯೇಟರಿನ ದೋಷ ನೀಗುವುದಿಲ್ಲ.

ಬಿಸಿಲಿಗೂ ಕಾರ್ಬೊರೇಟರಿಗೂ ಇರುವ ನಂಟು ಇನ್ನೂ ಸ್ವಾರಸ್ಯಕರ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ರಾಯಚೂರು 400 ಮೀಟರಿನ ಆಸುಪಾಸಿನಲ್ಲಿ. ಹೀಗಾಗಿ ರಾಯಚೂರಿನಲ್ಲಿ ಗಾಳಿಯ ಒತ್ತಡ ಬೆಂಗಳೂರಿಗಿಂತ ಶೇ 6ರಷ್ಟು ಹೆಚ್ಚು. ಒಂದೇ ಉಷ್ಣಾಂಶದಲ್ಲಿ ಎಂಜಿನ್ ಅಷ್ಟೇ ಹೆಚ್ಚು ಗಾಳಿಯನ್ನು ಉಸಿರಾಡುತ್ತದೆ, ಅಷ್ಟೇ ಹೆಚ್ಚು ಶಕ್ತಿ ಕೊಡುತ್ತದೆ. ಆದರೆ ಗಾಳಿ ಬಿಸಿಯಾದಂತೆ ಹಿಗ್ಗಿ ತೆಳುವಾಗುವುದರಿಂದ 42 ಡಿಗ್ರಿಯ ರಾಯಚೂರಿನ ಗಾಳಿಯ ಸಾಂದ್ರತೆ 25 ಡಿಗ್ರಿಯ ಬೆಂಗಳೂರಿನದಕ್ಕೆ ಸಮನಾಗಿಬಿಡುತ್ತದೆ. ತಗ್ಗಿನ ಊರು ಕೊಟ್ಟದ್ದನ್ನು ಬಿಸಿಲು ಕಸಿದುಕೊಂಡಿತು ಎನ್ನಬಹುದು. ಬೆಂಗಳೂರಿನಲ್ಲಿ ಹೊಂದಿಸಿದ ಕಾರ್ಬೊರೇಟರ್ ಬೇಸಿಗೆಯಲ್ಲಿ ಇಲ್ಲಿಯೂ ಸರಿಯಾಗಿ ನಡೆದು, ಡಿಸೆಂಬರಿನ ಮುಂಜಾವಿನಲ್ಲಿ ಮಾತ್ರ ಮಿಶ್ರಣ ತೆಳುವಾಗಿ ತಡಬಡಾಯಿಸುವುದು ಇದರಿಂದಲೇ. ಪ್ಲಗ್ ಕಳಚಿ ಬಣ್ಣ ನೋಡಿ ಜೆಟ್ ಬದಲಿಸುವ ಹಳೆಯ ಮೆಕಾನಿಕ್ಕುಗಳ ವಿದ್ಯೆ ಇಲ್ಲಿ ಯಾವ ಯಂತ್ರಕ್ಕೂ ಕಡಿಮೆಯಲ್ಲ.

ಗಾಳಿ ಹೆಚ್ಚು ಸಿಗಲೆಂದು ಏರ್ ಫಿಲ್ಟರ್ ತೆಗೆದು ಓಡಿಸುವುದು ಇಂಗ್ಲೆಂಡಿನ ಹಸಿ ಹವೆಯಲ್ಲಿ ನಡೆದೀತು. ಹತ್ತಿ, ಭತ್ತ, ತೊಗರಿ ಬೆಳೆಯುವ ಎರೆಭೂಮಿಯ ಧೂಳಿನಲ್ಲಿ ಅದು ಸಿಲಿಂಡರಿಗೆ ಉಜ್ಜುಕಾಗದ ಹಾಕಿದಂತೆಯೇ.

ಎಂಜಿನ್ನಿಗೆ ಏನು ಮಾಡಿಸಬಹುದು?

1489 ಸಿಸಿಯ ಬಿಎಂಸಿ ಎಂಜಿನ್ ಬಗ್ಗೆ ತಾತ್ಸಾರ ಬೇಕಿಲ್ಲ. ಇದೇ ವಂಶದ, ಇಷ್ಟೇ ಗಾತ್ರದ ಎಂಜಿನ್ 1955ರಲ್ಲಿ ಬ್ರಿಟನ್ನಿನ ಎಂಜಿಎ ಸ್ಪೋರ್ಟ್ಸ್ ಕಾರಿನಲ್ಲಿ 68, ನಂತರ 72 ಅಶ್ವಶಕ್ತಿ ಕೊಡುತ್ತಿತ್ತು. ಅದರ ಗುಟ್ಟು ಜೋಡಿ ಕಾರ್ಬೊರೇಟರು, ಹೆಚ್ಚಿನ ಕಂಪ್ರೆಷನ್, ಸರಾಗವಾಗಿ ಉಸಿರಾಡುವ ಹೆಡ್. ಲೇತ್ ಅಂಗಡಿಯಲ್ಲಿ ಹೆಡ್ಡಿನ ತಳವನ್ನು ಅಲ್ಪ ಪ್ರಮಾಣದಲ್ಲಿ ಕೆತ್ತಿಸಿ ಕಂಪ್ರೆಷನ್ ಏರಿಸಬಹುದು, ಒಳದಾರಿಗಳ ಎರಕದ ಉಬ್ಬುಗಳನ್ನು ಉಜ್ಜಿ ನಯಗೊಳಿಸಬಹುದು, ಕವಾಟಗಳನ್ನು ಹೊಸದಾಗಿ ಕೂರಿಸಬಹುದು. ಇಷ್ಟನ್ನು ನುರಿತ ಕೈಗಳು ಮಾಡಿದರೆ ಎಂಜಿನ್ನಿನ ಸ್ವಭಾವವೇ ಬದಲಾಗುತ್ತದೆ.

ಹೆಡ್ ಬಿಚ್ಚಿದಾಗ ಮರೆಯಬಾರದ ಸಂಗತಿಯೊಂದಿದೆ. ಭಾರತದಲ್ಲಿ ಸೀಸ ಬೆರೆತ ಪೆಟ್ರೋಲ್ ಮಾರಾಟ 2000ದ ಫೆಬ್ರುವರಿ 1ರಿಂದ ನಿಂತಿತು. ಆರೋಗ್ಯದ ದೃಷ್ಟಿಯಿಂದ ಅದು ಅತ್ಯಗತ್ಯವಾಗಿತ್ತು. ಆದರೆ ಹಳೆಯ ಬೀಡುಕಬ್ಬಿಣದ ಹೆಡ್‌ಗಳಲ್ಲಿ ಹೊಗೆ ಹೊರಹಾಕುವ ಕವಾಟದ ಪೀಠವನ್ನು ಕಾಯುತ್ತಿದ್ದುದು ಆ ಸೀಸದ ಲೇಪವೇ. ರೇಸಿನ ವೇಗದಲ್ಲಿ ಓಡಿಸಿದರೆ ಪೀಠ ಸವೆದು ಕವಾಟ ಒಳಗೆ ಇಳಿಯತೊಡಗುತ್ತದೆ. ಗಡಸು ಉಕ್ಕಿನ ಸೀಟು ಹಾಕಿಸುವುದು ಇದಕ್ಕೆ ಪರಿಹಾರ.

ಇನ್ನೊಂದು ಬದಲಾವಣೆ ಇತ್ತೀಚಿನದು. ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ 2025ರ ಹೊತ್ತಿಗೆ ದೇಶದೆಲ್ಲೆಡೆ ವ್ಯಾಪಿಸಿತು. ಒಂದು ಕೆ.ಜಿ. ಶುದ್ಧ ಪೆಟ್ರೋಲ್ ಉರಿಯಲು 14.7 ಕೆ.ಜಿ. ಗಾಳಿ ಬೇಕಾದರೆ, ಈ ಮಿಶ್ರಣಕ್ಕೆ ಸುಮಾರು 13.5 ಕೆ.ಜಿ. ಸಾಕು. ಅಂದರೆ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಬೇಕು, ಜೆಟ್ ದೊಡ್ಡದಾಗಬೇಕು. ಹಳೆಯ ರಬ್ಬರ್ ಪೈಪು, ಪಂಪಿನ ಡಯಾಫ್ರಂ, ಕಾರ್ಬೊರೇಟರಿನ ವಾಷರುಗಳನ್ನು ಎಥೆನಾಲ್ ಕೆಡಿಸುವುದರಿಂದ ಅವನ್ನೂ ಬದಲಿಸಬೇಕು. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ತೊಟ್ಟಿಕ್ಕುವ ಪೈಪು ಎಂತಹ ಅನಾಹುತ ತರಬಲ್ಲದೆಂದು ವಿವರಿಸಬೇಕಿಲ್ಲ. ಎಥೆನಾಲಿನಿಂದ ಒಂದು ಲಾಭವೂ ಇದೆ: ಅದು ಆಕ್ಟೇನ್ ಏರಿಸುವುದರಿಂದ, ಹೆಚ್ಚಿಸಿದ ಕಂಪ್ರೆಷನ್‌ಗೆ ಎಂಜಿನ್ 'ಕಟಕಟ' ಎನ್ನುವುದು ಕಡಿಮೆಯಾಗುತ್ತದೆ.

ಇಷ್ಟೆಲ್ಲ ಮಾಡಿಸಿ ಬಿಎಂಸಿ ಎಂಜಿನ್ನನ್ನು 70 ಅಶ್ವಶಕ್ತಿಗೆ ಏರಿಸಿದರೂ ಅದು ಕಂಪನಿಯಿಂದ ಬಂದ ಇಸುಜು ಎಂಜಿನ್ನಿಗೆ ಸಾಟಿಯಾಗದು ಎಂಬುದನ್ನು ಹೇಳಲೇಬೇಕು. ಸೀಮಿತ ಹಣವುಳ್ಳವರಿಗೆ ಅತ್ಯಂತ ಅಗ್ಗದ 'ಟ್ಯೂನಿಂಗ್' ಎಂದರೆ, ಆರಂಭದಲ್ಲಿಯೇ ತುಸು ಹೆಚ್ಚು ಕೊಟ್ಟು ದಾಖಲೆ ಸರಿಯಿರುವ 1.8 ಲೀಟರಿನ ಕಂಟೆಸ್ಸಾ ಕ್ಲಾಸಿಕ್ ಕೊಳ್ಳುವುದು. 1992ರಿಂದ ಅಂಬಾಸಿಡರಿಗೂ ಇದೇ ಎಂಜಿನ್ ಬಂದದ್ದರಿಂದ ಬಿಡಿಭಾಗಗಳ ಮೂಲ ಇಮ್ಮಡಿಯಾಯಿತು. ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಅಂಗಡಿಗಳು ಇವಕ್ಕೆ ಹೆಸರಾದವು; ರಾಯಚೂರಿನವರಿಗೆ ಹೈದರಾಬಾದ್ ಅದಕ್ಕಿಂತ ಹತ್ತಿರ.

ಓಡಿಸುವುದೆಲ್ಲಿ?

ಹೆದ್ದಾರಿಯಲ್ಲಂತೂ ಅಲ್ಲ. ಸಾರ್ವಜನಿಕ ಸ್ಥಳದಲ್ಲಿ ರೇಸ್ ನಡೆಸುವುದು ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಅಪರಾಧ. 2019ರ ತಿದ್ದುಪಡಿಯ ಬಳಿಕ ಮೊದಲ ಬಾರಿಗೆ ಮೂರು ತಿಂಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿವರೆಗೆ ದಂಡ ಇಲ್ಲವೇ ಎರಡೂ, ಮರುಕಳಿಸಿದರೆ ಒಂದು ವರ್ಷದವರೆಗೆ ಸೆರೆವಾಸ ಅಥವಾ 10,000 ರೂಪಾಯಿವರೆಗೆ ದಂಡ. ಸಾಮಾನ್ಯ ವಿಮಾ ಪಾಲಿಸಿ ರೇಸಿನ ಅಪಘಾತಕ್ಕೆ ಅನ್ವಯಿಸುವುದೇ ಇಲ್ಲ. ನಿರಪರಾಧಿ ಪಾದಚಾರಿಯೊಬ್ಬ ಬಲಿಯಾದರೆ ಪರಿಹಾರದ ಹೊರೆ ಮಾಲೀಕನ ಹೊಲ-ಮನೆಯನ್ನೇ ನುಂಗೀತು.

ಕ್ರಮಬದ್ಧ ಸ್ಪರ್ಧೆಗಳಿಗೆ ಭಾರತೀಯ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ಗಳ ಒಕ್ಕೂಟದ ಮಾನ್ಯತೆ, ಸ್ಪರ್ಧಿಗೆ ಅದರ ಲೈಸೆನ್ಸ್ ಬೇಕು. ಕಾಯಂ ಟ್ರ್ಯಾಕ್ ಎಂದರೆ ದಕ್ಷಿಣದಲ್ಲಿ ಮೊದಲು ನೆನಪಾಗುವುದು ಚೆನ್ನೈ ಸಮೀಪದ ಇರುಂಗಾಟ್ಟುಕೋಟ್ಟೈನ ಸುಮಾರು 3.7 ಕಿ.ಮೀ. ಉದ್ದದ ಟ್ರ್ಯಾಕ್ ಮತ್ತು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ. ಆದರೆ ಕೈಬಿಗಿ ಹಿಡಿದವರಿಗೆ ಹೇಳಿ ಮಾಡಿಸಿದ್ದು ಆಟೋಕ್ರಾಸ್. ಮೈದಾನದಲ್ಲೋ ಕೊಯ್ಲು ಮುಗಿದ ಗದ್ದೆಯಲ್ಲೋ ಗುರುತು ಹಾಕಿದ ಮಣ್ಣಿನ ದಾರಿಯಲ್ಲಿ ಒಂದೊಂದೇ ಕಾರು ಗಡಿಯಾರದ ವಿರುದ್ಧ ಓಡುತ್ತದೆ. ವೇಗ ಕಡಿಮೆ, ಪಕ್ಕದಲ್ಲಿ ಡಿಕ್ಕಿ ಹೊಡೆಯಲು ಇನ್ನೊಂದು ಕಾರಿಲ್ಲ. ಕೊಡಗು, ಚಿಕ್ಕಮಗಳೂರು, ಮಂಗಳೂರು ಕಡೆ ಈ ಕ್ರೀಡೆಗೆ ಒಳ್ಳೆಯ ನೆಲೆಯಿದೆ. ಹಿಂಚಕ್ರ ಚಾಲನೆಯ ಕಂಟೆಸ್ಸಾ ತಿರುವಿನಲ್ಲಿ ಬಾಲ ಬೀಸುವ ಚೆಂದಕ್ಕೆ ಪ್ರೇಕ್ಷಕರ ಚಪ್ಪಾಳೆ ಖಂಡಿತ, ಬಹುಮಾನ ಮಾತ್ರ ಹಗುರವಾದ ಮಾರುತಿ ಜಿಪ್ಸಿಗೋ ಎಸ್ಟೀಮಿಗೋ ಹೋಗುವ ಸಂಭವವೇ ಹೆಚ್ಚು. ನೇರ ಹಾದಿಯ ಡ್ರ್ಯಾಗ್ ಓಟ ಕಂಟೆಸ್ಸಾದ ಪ್ರಕೃತಿಗೆ ಹೊಂದುತ್ತದೆ. ಯಾವುದೇ ಆದರೂ ಹೆಲ್ಮೆಟ್, ಬಿಗಿಯಾದ ಬೆಲ್ಟು, ಅಗ್ನಿಶಾಮಕ, ಬ್ಯಾಟರಿ ಸಂಪರ್ಕ ಕಡಿಯುವ ಸ್ವಿಚ್ಚುಗಳಲ್ಲಿ ಚೌಕಾಸಿ ಸಲ್ಲದು. ಟ್ರ್ಯಾಕಿಗಾದರೆ ಒಳಗೆ ಉಕ್ಕಿನ ಪಂಜರವೂ ಬೇಕು.

ಕಾಗದಪತ್ರದ ಕಗ್ಗಂಟು

ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ನಮೂದಿಸಿದ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಉಲ್ಲಂಘಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಪ್ರತಿಯೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು. ಎಂಜಿನ್ ಬದಲಾವಣೆಗೆ ಆರ್‌ಟಿಒ ಮುಂಚಿತ ಅನುಮತಿ ಪಡೆದು, ಹೊಸ ಸಂಖ್ಯೆಯನ್ನು ಆರ್‌ಸಿಯಲ್ಲಿ ದಾಖಲಿಸಬೇಕು. ಆದ್ದರಿಂದ ರೇಸಿಗೆಂದು ಬದಲಿಸಿದ ಕಾರನ್ನು ರಸ್ತೆಯಲ್ಲಿ ಓಡಿಸದೆ ಲಾರಿ ಅಥವಾ ಟ್ರೇಲರಿನಲ್ಲಿ ಸಾಗಿಸುವುದೇ ದಾರಿ. ಬಹುತೇಕರ ಬಜೆಟ್ಟಿನಲ್ಲಿ ಕಾಣಿಸದ, ಆದರೆ ರಾಯಚೂರಿನಿಂದ ಚೆನ್ನೈಗೆ ನಾಲ್ಕು ಬಾರಿ ಹೋಗಿಬಂದರೆ ಎಂಜಿನ್ ಕೆಲಸದ ಬಿಲ್ಲನ್ನೂ ಮೀರಬಲ್ಲ ಖರ್ಚು ಇದು.

ರಸ್ತೆಯಲ್ಲೂ ಇರಲೆಂದು ಬಯಸುವವರು ಮರುನೋಂದಣಿಯ ಲೆಕ್ಕ ಹಾಕಬೇಕು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿದು, ಆನಂತರ ಐದೈದು ವರ್ಷಕ್ಕೆ ನವೀಕರಿಸಬೇಕಾಗುತ್ತದೆ. 20 ವರ್ಷ ಮೀರಿದ ಕಾರಿಗೆ ಈ ಶುಲ್ಕವನ್ನು ಕೇಂದ್ರ ಸರ್ಕಾರ 2025ರ ಆಗಸ್ಟ್‌ನಲ್ಲಿ 10,000 ರೂಪಾಯಿಗೆ ಏರಿಸಿತು. ಕಟ್ಟಕಡೆಯ ಕಂಟೆಸ್ಸಾಗೂ ಅಷ್ಟು ವಯಸ್ಸಾಗಿದೆ.

ಕಳಚಿದ ಭಾಗಗಳನ್ನು ಎತ್ತಿಡಬೇಕೆಂದು ಹೇಳಿದ್ದಕ್ಕೆ ಕಾರಣ ಇಲ್ಲಿದೆ. ಕೇಂದ್ರ ಸರ್ಕಾರ 2021ರಲ್ಲಿ ವಿಂಟೇಜ್ ವಾಹನಗಳಿಗಾಗಿ ಪ್ರತ್ಯೇಕ ನೋಂದಣಿ ನಿಯಮಗಳನ್ನು ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ಚಾಸಿ, ದೇಹ, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡು ಆಗಿರದೆ ಮೂಲ ರೂಪದಲ್ಲಿರಬೇಕು. ಅಂತಹ ವಾಹನಕ್ಕೆ 'ವಿಎ' ಅಕ್ಷರಗಳುಳ್ಳ ಪ್ರತ್ಯೇಕ ಸಂಖ್ಯಾಫಲಕ ಸಿಗುತ್ತದೆ. ಕಂಟೆಸ್ಸಾಗಳ ಪೈಕಿ ಹಿರಿಯವಾದ 1984ರ ಕಾರುಗಳು ಆ ವಯಸ್ಸು ಮುಟ್ಟುವುದು 2034ರಲ್ಲಿ. ಆಗ ಬೆಲೆ ಬರುವುದು ಏದುಸಿರು ಬಿಡುವ ಆ 1489 ಸಿಸಿ ಎಂಜಿನ್ನಿಗೇ. ಅದನ್ನು ಇಳಿಸುವವರು ಒಳಗೆ ಎಣ್ಣೆ ಹಾಕಿ, ತೂತುಗಳನ್ನು ಮುಚ್ಚಿ, ಸಂಖ್ಯೆ ಕೊರೆದ ಬ್ಲಾಕಿನೊಂದಿಗೆ ಶೆಡ್ಡಿನ ಮೂಲೆಯಲ್ಲಿ ಇಟ್ಟುಕೊಳ್ಳುವುದು ಒಳಿತು.